18 ತಾಸು ಓದಿದವರು ಕೊಟ್ಟ 8 ತಾಸು

ಏಪ್ರಿಲ್ 14 ಹತ್ತಿರ ಬಂತೆಂದರೆ ಹಾಸ್ಟೆಲ್‌ಗಳಲ್ಲಿ, ಗ್ರಂಥಾಲಯಗಳಲ್ಲಿ 18 ತಾಸು ಸತತ ಓದುವ ಕಾರ್ಯಕ್ರಮದ ಬ್ಯಾನರ್ ಕಟ್ಟುತ್ತಾರೆ. ಬೆಳಿಗ್ಗೆ 6ಕ್ಕೆ ಕುಳಿತವರು ನಡುರಾತ್ರಿ 12ಕ್ಕೆ ಏಳುತ್ತಾರೆ. ಡಾ. ಬಿ.ಆರ್. ಅಂಬೇಡ್ಕರ್ ದಿನಕ್ಕೆ 18 ತಾಸು ಓದುತ್ತಿದ್ದರು, ವರ್ಷಕ್ಕೆ ಒಂದು ದಿನವಾದರೂ ನಾವು ಹಾಗೆ ಓದೋಣ ಎಂಬುದು ಅದರ ಹಿಂದಿನ ಭಾವನೆ. ಒಳ್ಳೆಯ ಭಾವನೆಯೇ. ಆದರೆ ಆ 18 ಎಂಬ ಅಂಕಿ ಬ್ಯಾನರಿನಿಂದ ಇಳಿದು ನಮ್ಮ ಕೋಣೆಗಳಿಗೂ ಬಂದಿದೆ. ಇಂಟರ್ನಲ್ಸ್‌ಗೆ ಮೊದಲು ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ ಅದು ಸಮರ್ಥನೆ. ಮಗ ಹತ್ತಕ್ಕೆಲ್ಲ ಮಲಗಿದನೆಂದು ಬೈಯುವವರಿಗೆ ಅದು ಉದಾಹರಣೆ. ನಿದ್ದೆ ಮಾಡುವವರು ಉದ್ಧಾರ ಆಗುವುದಿಲ್ಲ ಎಂಬ ಮಾತಿಗೆ ಕೊನೆಗೆ ಬಾಬಾಸಾಹೇಬರನ್ನೇ ಸಾಕ್ಷಿಗೆ ಕರೆಯುತ್ತೇವೆ.

ಅದೇ ಮನುಷ್ಯನ ಹೆಸರಿನ ಜೊತೆ ಇನ್ನೊಂದು ಅಂಕಿಯೂ ಇದೆ. ಅದು 8. ಕಾರ್ಮಿಕರ ದುಡಿಮೆಗೆ ವಾರಕ್ಕೆ 48 ತಾಸು, ಅಂದರೆ ಆರು ದಿನಕ್ಕೆ ಹಂಚಿದರೆ ದಿನಕ್ಕೆ 8 ತಾಸು ಎಂಬ ಅಳತೆ ಈ ದೇಶದ ಕಾನೂನಿನೊಳಗೆ ಬಂದದ್ದು ಅವರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ತಾನು ನಿದ್ದೆಗೆಟ್ಟವನು ಬೇರೆಯವರ ನಿದ್ದೆಗಾಗಿ ಕಾನೂನು ಮಾಡಿದ್ದೇಕೆ? ಈ ಒಂದು ಪ್ರಶ್ನೆ ಇಟ್ಟುಕೊಂಡು ಅವರ ಜೀವನವನ್ನು ಮತ್ತೊಮ್ಮೆ ಓದಿದೆ. ಶಾಲೆಯಲ್ಲಿ ಓದಿದ್ದಕ್ಕಿಂತ ಬೇರೆಯದೇ ಕತೆ ಕಂಡಿತು.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅವರು ನಿವೃತ್ತರಾದ ಮೇಲೆ ಕುಟುಂಬ ದಾಪೋಲಿ, ಸಾತಾರಾ ಎಂದು ಅಲೆದು, 1904ರ ಸುಮಾರಿಗೆ ಮುಂಬೈಯ ಪರೇಲ್‌ಗೆ ಬಂತು. ಅದು ಬಟ್ಟೆ ಗಿರಣಿಗಳ ಬಡಾವಣೆ. ಸಿಕ್ಕಿದ್ದು ಡಬಕ್ ಚಾಳಿನಲ್ಲಿ ಒಂದೇ ಒಂದು ಕೋಣೆ. ಅಡುಗೆ ಅಲ್ಲೇ, ಕಟ್ಟಿಗೆ ಒಟ್ಟುವುದು ಅಲ್ಲೇ, ಬೀಸುವ ಕಲ್ಲು ಅಲ್ಲೇ, ಆಡೂ ಅಲ್ಲೇ. ಎಲ್ಲರೂ ಒಟ್ಟಿಗೆ ಕಾಲು ಚಾಚಲು ಜಾಗವಿರಲಿಲ್ಲ. ಹಾಗಾಗಿ ತಂದೆ ಮಗ ಪಾಳಿ ಹಚ್ಚಿಕೊಂಡರು. ಮಗ ಸಂಜೆ ಬೇಗ ಮಲಗಬೇಕು, ತಂದೆ ರಾತ್ರಿ ಎರಡರವರೆಗೆ ಎಚ್ಚರವಿದ್ದು ಮಗನನ್ನು ಎಬ್ಬಿಸಿ, ಅವನು ಎದ್ದ ಜಾಗದಲ್ಲಿ ತಾವು ಅಡ್ಡಾಗಬೇಕು. ಹುಡುಗ ಗಾಜಿಲ್ಲದ ಬುಡ್ಡಿ ದೀಪದ ಮುಂದೆ ಬೆಳಗಿನವರೆಗೆ ಓದುತ್ತಿದ್ದ.

ಈ ಪ್ರಸಂಗವನ್ನು ಛಲಕ್ಕೆ ಮಾದರಿಯಾಗಿ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಇಬ್ಬರಿಗೆ ಸಾಲದ ಒಂದು ಹಾಸಿಗೆ. ಆ ಹುಡುಗ ರಾತ್ರಿ ಎರಡಕ್ಕೆ ಏಳುತ್ತಿದ್ದುದು ಬ್ರಾಹ್ಮೀ ಮುಹೂರ್ತದ ಮೇಲಿನ ಪ್ರೀತಿಯಿಂದಲ್ಲ, ಚಾಳಿನಲ್ಲಿ ಇನ್ನೊಂದು ಕೋಣೆಗೆ ದುಡ್ಡಿಲ್ಲದ್ದರಿಂದ. ಇನ್ನೂ ಒಂದು ಮಾತು. ತಂದೆ ಆ ಮಗುವಿನ ನಿದ್ದೆಯನ್ನು ಕಿತ್ತುಕೊಳ್ಳಲಿಲ್ಲ, ಸಂಜೆಗೇ ಮಲಗಿಸಿ ಮೊದಲು ನಿದ್ದೆ ಕೊಟ್ಟರು, ಆಮೇಲೆ ಎಬ್ಬಿಸಿದರು. ತಾವು ಕಾದು ಕುಳಿತರು. ಕತೆ ಹೇಳುವವರು ಈ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಅವರು ಪರೇಲ್‌ಗೆ ಬಂದ ಹೊತ್ತಿಗೇ ಸುತ್ತಲಿನ ಗಿರಣಿಗಳಲ್ಲಿ ಒಂದು ಬದಲಾವಣೆ ನಡೆದಿತ್ತು. ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಆದ್ದರಿಂದ ಈ ವಿಷಯ ನನ್ನನ್ನು ಸ್ವಲ್ಪ ಚುಚ್ಚಿತು. ಅದುವರೆಗೆ ಗಿರಣಿ ಸೂರ್ಯನ ಬೆಳಕಿಗೆ ಕಟ್ಟುಬಿದ್ದಿತ್ತು. ಕತ್ತಲಾದರೆ ನೂಲು ಕಾಣುತ್ತಿರಲಿಲ್ಲ, ಯಂತ್ರ ನಿಲ್ಲಿಸಲೇಬೇಕಿತ್ತು. ವಿದ್ಯುತ್ ದೀಪ ಬಂದದ್ದೇ ತಡ, ದುಡಿಮೆ ದಿನಕ್ಕೆ 14, 15 ತಾಸಿಗೆ ಏರಿತು. 1905ರಲ್ಲಿ ಮುಂಬೈಯ ಕಾರ್ಮಿಕರು ಇದರ ವಿರುದ್ಧ ಬೀದಿಗಿಳಿದರು. ಸರ್ಕಾರ ಸಮಿತಿ ಮಾಡಿತು, ಆಮೇಲೆ ಆಯೋಗ ಮಾಡಿತು. ಕೊನೆಗೆ 1911ರ ಕಾಯ್ದೆ ಬಟ್ಟೆ ಗಿರಣಿಗಳ ಗಂಡಾಳುಗಳಿಗೆ ದಿನಕ್ಕೆ 12 ತಾಸಿನ ಮಿತಿ ಹಾಕಿತು. ನಾವು ಲ್ಯಾಬಿನಲ್ಲಿ ದೀಪದ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತೇವೆ, ಖರ್ಚನ್ನು ಯೂನಿಟ್‌ನಲ್ಲಿ ಲೆಕ್ಕ ಹಾಕುತ್ತೇವೆ. ಅದು ಎಷ್ಟು ಜನರ ನಿದ್ದೆ ತಿಂದಿತು ಎಂಬುದಕ್ಕೆ ನಮ್ಮ ಪಠ್ಯದಲ್ಲಿ ಯಾವ ಮೀಟರೂ ಇಲ್ಲ.

ಭೀಮರಾವ್ 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಮುಗಿಸಿದರು, 1912ರಲ್ಲಿ ಬಿ.ಎ. ಮರುವರ್ಷ ತಂದೆ ತೀರಿಕೊಂಡರು. ಅದೇ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ನಮ್ಮ ಬ್ಯಾನರಿನ 18 ತಾಸು ಅಲ್ಲಿಯ ಮತ್ತು ಲಂಡನ್ನಿನ ದಿನಗಳದ್ದು. ವೇತನ ಇದ್ದದ್ದು ಮೂರು ವರ್ಷಕ್ಕೆ. ಮುಗಿದರೆ ವಾಪಸು ಬರಬೇಕು, ಬಂದು ಬರೋಡಾದ ಕೆಲಸಕ್ಕೆ ಸೇರಬೇಕು. ಅಷ್ಟರೊಳಗೆ ಎಂ.ಎ. ಆಗಬೇಕು, ಪಿಎಚ್.ಡಿ. ಪ್ರಬಂಧ ಆಗಬೇಕು. ಹಳೆಯ ಪುಸ್ತಕದಂಗಡಿಗಳಲ್ಲಿ ಸುಮಾರು 2,000 ಪುಸ್ತಕ ಕೊಂಡದ್ದೂ ಆಗಲೇ. 1917ರಲ್ಲಿ ಊರಿಗೆ ಹೊರಟಾಗ ಬೇರೆ ಹಡಗಿಗೆ ಹಾಕಿದ ಆ ಗಂಟು ಮಹಾಯುದ್ಧದ ಟಾರ್ಪಿಡೊಗೆ ಸಿಕ್ಕು ಸಮುದ್ರ ಸೇರಿತು.

1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಪರಿಸ್ಥಿತಿ ಇನ್ನೂ ಬಿಗಿ. ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಉಳಿಸಿದ ದುಡ್ಡು, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಪಾರ್ಸಿ ಗೆಳೆಯನಿಂದ ತಂದ ಸಾಲ, ಇಷ್ಟರಲ್ಲೇ ಎಂ.ಎಸ್ಸಿ., ಡಿ.ಎಸ್ಸಿ., ಬ್ಯಾರಿಸ್ಟರಿ ಮೂರನ್ನೂ ಮುಗಿಸಬೇಕಿತ್ತು. ಬೆಳಿಗ್ಗೆ ಒಂದು ಕಪ್ಪು ಚಹಾ, ಬ್ರೆಡ್ಡಿನ ಚೂರು. ಆಮೇಲೆ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಹಾಜರಿ, ಮುಚ್ಚುವ ಹೊತ್ತಿಗೆ ಹೊರಗೆ. ಕೋಣೆಗೆ ಬಂದು ಮತ್ತೆ ಓದು. ರಾತ್ರಿ ಹತ್ತರ ಸುಮಾರಿಗೆ ಹಸಿವು ತಡೆಯದಾದರೆ ಊರಿನಿಂದ ತಂದ ಹಪ್ಪಳ ಸುಟ್ಟುಕೊಂಡು ತಿಂದು, ಮತ್ತೆ ಬೆಳಗಿನ ಜಾವದವರೆಗೆ. ಕೋಣೆಯ ಜೊತೆಗಾರ ಎಚ್ಚರವಾದಾಗಲೆಲ್ಲ ಇವರು ಮೇಜಿನ ಮುಂದೆಯೇ ಇರುತ್ತಿದ್ದರು. ಮಲಗು ಎಂದು ಆತ ಹೇಳಿದರೆ, ಹೆಚ್ಚು ದಿನ ಇಲ್ಲಿರಲು ತನ್ನ ಬಳಿ ಹಣವೂ ಇಲ್ಲ, ಸಮಯವೂ ಇಲ್ಲ ಎಂಬುದೇ ಅವರ ಉತ್ತರವಾಗಿತ್ತು.

ಅತ್ತ ಪರೇಲಿನ ಚಾಳಿನಲ್ಲಿ ರಮಾಬಾಯಿ ಅರೆಹೊಟ್ಟೆಯಲ್ಲಿ ಸಂಸಾರ ತೂಗಿಸುತ್ತಿದ್ದರು. ಅವರಿಗೆ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. 18 ತಾಸಿನ ಲೆಕ್ಕ ಬರೆಯುವಾಗ ಈ ಕಡೆಯ ಲೆಕ್ಕವನ್ನೂ ಬರೆಯಬೇಕು. ಅಂಬೇಡ್ಕರ್ 1923ರಲ್ಲಿ ಮುಂಬೈಗೆ ಮರಳಿದರು. ಕೈಯಲ್ಲಿ ಪದವಿಗಳಿದ್ದವು. ವಯಸ್ಸು 32.

ಇಲ್ಲಿಂದ ಮುಂದೆ ಅವರ ಜೀವನ ನಮ್ಮ ಸೀಮೆಗೂ ಸೇರುತ್ತದೆ. ಆಗ ಗದಗ-ಬೆಟಗೇರಿ, ಮುಂಡರಗಿ ಎಲ್ಲ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1927ರಿಂದ ಅಂಬೇಡ್ಕರ್ ಆ ಪ್ರಾಂತದ ಶಾಸನ ಸಭೆಯ ಸದಸ್ಯರು, ಅಂದರೆ ನಮ್ಮ ಹಿರಿಯರ ಸಭೆಯಲ್ಲಿ ಕುಳಿತವರು. ದಲಿತ ವಿದ್ಯಾರ್ಥಿಗಳಿಗಾಗಿ ಅವರ ಪ್ರಯತ್ನದಿಂದ ಶುರುವಾದ ಹಾಸ್ಟೆಲ್‌ಗಳಲ್ಲಿ ಒಂದು ಧಾರವಾಡದಲ್ಲಿತ್ತು. ಒಂದೇ ಕೋಣೆಯಲ್ಲಿ ಆಡಿನ ಪಕ್ಕ ಕುಳಿತು ಓದಿದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮುಂದಿನವರಿಗೆ ಮಲಗಲು, ಓದಲು ಜಾಗ ಮಾಡಿಕೊಟ್ಟದ್ದು. ಎಲ್ಲರೂ ತನ್ನ ಹಾಗೆ ರಾತ್ರಿ ಎರಡಕ್ಕೆ ಏಳಲಿ ಎಂದು ಅವರು ಬಿಡಲಿಲ್ಲ.

1928ರ ಜುಲೈನಲ್ಲಿ ಆ ಸಭೆಯ ಮುಂದೆ ಹೆರಿಗೆ ಭತ್ಯೆಯ ಮಸೂದೆ ಬಂತು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಹೆರಿಗೆಗೆ ಮೊದಲು, ಹೆರಿಗೆಯಾದ ಮೇಲೆ ಬಿಡುವು ಕೊಡಬೇಕು, ಆ ದಿನಗಳಿಗೆ ಹಣವನ್ನೂ ಕೊಡಬೇಕು ಎಂಬುದು ಅದರ ಸಾರ. ಅಂಬೇಡ್ಕರ್ ಬೆಂಬಲಿಸಿ ಮಾತಾಡಿದರು. ತಾಯಿಗೆ ಸಿಗುವ ವಿಶ್ರಾಂತಿ ದೇಶದ ಹಿತಕ್ಕೆ ಸೇರಿದ್ದು, ಆದ್ದರಿಂದ ಅದರ ಭಾರದಲ್ಲಿ ಸರ್ಕಾರಕ್ಕೂ ಪಾಲಿರಬೇಕು, ಆದರೆ ಕೂಡಲೇ ಮಾಲೀಕನೂ ಕೊಡಲಿ, ಆ ದುಡಿಮೆಯ ಲಾಭ ಪಡೆಯುವವನು ಅವನೇ ಅಲ್ಲವೇ ಎಂಬುದು ಅವರ ವಾದ. ಮರುವರ್ಷ ಅದು ಕಾಯ್ದೆಯಾಯಿತು. ಬಿಡುವು ಎಂಬುದು ದಯೆಯಲ್ಲ, ಹಕ್ಕು ಎಂಬ ಯೋಚನೆ ಅವರಲ್ಲಿ ಆಗಲೇ ಇತ್ತು.

ಗಿರಣಿಗಳ ಒಳಗಿನ ಇನ್ನೊಂದು ಸಂಗತಿ ಬೆಟಗೇರಿಯ ನೇಕಾರರ ಓಣಿ ಬಲ್ಲವರಿಗೆ ಬೇಗ ಅರ್ಥವಾದೀತು. ಆಗಿನ ಮಗ್ಗದಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆದುಕೊಳ್ಳಬೇಕಿತ್ತು. ಎಂಜಲಾಗುತ್ತದೆ ಎಂಬ ನೆಪದಲ್ಲಿ ಮುಂಬೈ ಗಿರಣಿಗಳಲ್ಲಿ ದಲಿತರನ್ನು ನೇಯ್ಗೆಯ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಹೆಚ್ಚು ಕೂಲಿ ಇದ್ದದ್ದು ಅಲ್ಲೇ. ಉಳಿದ ವಿಭಾಗಗಳಲ್ಲಿ ತಾಸು ಅಷ್ಟೇ, ಕೂಲಿ ಕಡಿಮೆ. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಇದನ್ನು ಕಾರ್ಮಿಕ ನಾಯಕರ ಮುಂದೆಯೇ ಎತ್ತಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು.

1942ರ ಜುಲೈನಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಈಗಿನ ಲೆಕ್ಕದಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ. ವಿದ್ಯುತ್ತು, ನೀರಾವರಿಯೂ ಅವರ ಕೈಯಲ್ಲೇ ಇದ್ದವು, ದಾಮೋದರ ಕಣಿವೆ ಯೋಜನೆಯ ತಯಾರಿ ನಡೆದದ್ದು ಆಗಲೇ. ಎಂಜಿನಿಯರಿಂಗ್ ಓದುವ ನಮಗೆ ಇದನ್ನು ಯಾರೂ ಹೇಳುವುದಿಲ್ಲ, ಇರಲಿ.

8 ತಾಸಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಮೇ 1ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಅಂಬೇಡ್ಕರ್ ಒಂದೇ ಏಟಿಗೆ 14 ತಾಸಿನ ದುಡಿಮೆಯನ್ನು 8ಕ್ಕೆ ಇಳಿಸಿದರು ಎಂದು. ಕಾಯ್ದೆಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಹಾಗೆ ಕಾಣುವುದಿಲ್ಲ. 1911ರಲ್ಲಿ 12 ತಾಸು ಎಂದೆನಲ್ಲ. 1922ರಲ್ಲಿ ಅದು ದಿನಕ್ಕೆ 11, ವಾರಕ್ಕೆ 60 ಆಯಿತು. 1934ರಲ್ಲಿ ದಿನಕ್ಕೆ 10, ವಾರಕ್ಕೆ 54. ಜಗತ್ತಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲೇ ದಿನಕ್ಕೆ 8, ವಾರಕ್ಕೆ 48 ಎಂದು ಒಪ್ಪಂದ ಮಾಡಿತ್ತು, ಆದರೆ ಭಾರತಕ್ಕೆ 60 ತಾಸಿನ ರಿಯಾಯಿತಿ ಕೊಟ್ಟಿತ್ತು. ರಿಯಾಯಿತಿ ಯಾರಿಗೆ ಎಂದು ಕೇಳಬೇಕು. ಮಾಲೀಕರಿಗೆ! ಅಂದರೆ 54ರಿಂದ 48ಕ್ಕೆ ಇಳಿದದ್ದು ಕೊನೆಯ ಮೆಟ್ಟಿಲು. ಆ ಮೆಟ್ಟಿಲನ್ನು ಇಳಿಸಿದ 1946ರ ಮಸೂದೆಯನ್ನು ಸಭೆಗೆ ತಂದು ಸಮರ್ಥಿಸಿದವರು ಅಂಬೇಡ್ಕರ್. ಅದಕ್ಕೂ ಮೊದಲು ವರ್ಷಕ್ಕೆ ಕೆಲವು ದಿನ ಸಂಬಳಸಹಿತ ರಜೆಯ ತಿದ್ದುಪಡಿಯನ್ನೂ ಅವರೇ ತಂದಿದ್ದರು. ಉತ್ಪ್ರೇಕ್ಷೆ ಇಲ್ಲದೆಯೂ ಇದು ಸಣ್ಣ ಕೆಲಸವಲ್ಲ. ವಾರಕ್ಕೆ 6 ತಾಸು ಎಂದರೆ ಒಂದು ರಾತ್ರಿಯ ನಿದ್ದೆ.

ಅವರ ಎಲ್ಲ ನಿರ್ಧಾರವೂ ಇದೇ ದಿಕ್ಕಿನಲ್ಲಿರಲಿಲ್ಲ ಎಂಬುದನ್ನೂ ಹೇಳಬೇಕು. ಯುದ್ಧಕ್ಕೆ ಕಲ್ಲಿದ್ದಲು ಸಾಲದಾದಾಗ, ಗಣಿಯೊಳಗೆ ಹೆಂಗಸರು ಇಳಿಯಬಾರದೆಂಬ ನಿಷೇಧವನ್ನು 1943ರಲ್ಲಿ ಸರ್ಕಾರ ಸಡಿಲಿಸಿತು. ಖಾತೆ ಅಂಬೇಡ್ಕರ್ ಅವರದ್ದು. ಸಭೆಯಲ್ಲಿ ಟೀಕೆ ಬಂತು, ತುರ್ತು ಕ್ರಮವೆಂದು ಅವರು ಸಮರ್ಥಿಸಿಕೊಳ್ಳಬೇಕಾಯಿತು. 1946ರಲ್ಲಿ ನಿಷೇಧ ಮರಳಿ ಬಂತು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಇದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡಬೇಕಾದ ಅಗತ್ಯವೂ ಇಲ್ಲ.

ಈ ಕಾನೂನುಗಳು ನಮ್ಮೂರುಗಳನ್ನು ಮುಟ್ಟಿದ ಬಗೆ ವಿಚಿತ್ರ. ಗದಗ ಹತ್ತಿಯ ಪೇಟೆ. 1880ರ ದಶಕದಲ್ಲಿ ರೈಲು ಬಂದ ಮೇಲೆ ಅರಳೆ ಬಿಡಿಸುವ ಜಿನ್‌ಗಳು, ಪ್ರೆಸ್‌ಗಳು ಬೆಳೆದವು. ಜಿನ್ ನಡೆಯುವುದು ಹತ್ತಿಯ ಹಂಗಾಮಿನಲ್ಲಿ ಮಾತ್ರ, ಹಾಗಾಗಿ 1934ರ ಕಾಯ್ದೆಯ ಕಣ್ಣಿಗೆ ಅದು ಹಂಗಾಮಿ ಕಾರ್ಖಾನೆ. ಬೇರೆಯವರಿಗೆ 10 ತಾಸಾದರೆ ಅಲ್ಲಿಯವರಿಗೆ 11, ವಾರಕ್ಕೆ 60. ಈ ಭೇದ ಹೋದದ್ದು 1948ರ ಕಾರ್ಖಾನೆ ಕಾಯ್ದೆಯಲ್ಲಿ. ಇನ್ನು ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿಯೇ ಅಲ್ಲಿಗೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ನಡುವೆ ಒಂದು ಗಡಿ. ಈಚೆ ಒಂದು ತಾಸಿನ ಲೆಕ್ಕ, ಆಚೆ ಸಂಸ್ಥಾನದ ಲೆಕ್ಕ. 1948ರಲ್ಲಿ ಈ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1949ರ ಏಪ್ರಿಲ್ 1ರಿಂದ ಹೊಸ ಕಾರ್ಖಾನೆ ಕಾಯ್ದೆ ಜಾರಿಗೆ ಬಂತು: ವಾರಕ್ಕೆ 48 ತಾಸು, ವಾರಕ್ಕೊಂದು ರಜೆ, 5 ತಾಸು ದುಡಿದರೆ ಅರ್ಧ ತಾಸು ಬಿಡುವು, ಮಿತಿ ಮೀರಿದರೆ ದುಪ್ಪಟ್ಟು ಕೂಲಿ.

ಆ ಹೊತ್ತಿಗೆ ಅಂಬೇಡ್ಕರ್ ಸ್ವತಂತ್ರ ಭಾರತದ ಕಾನೂನು ಮಂತ್ರಿ, ಜೊತೆಗೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು. 1947ರ ಆಗಸ್ಟ್ 29ರಂದು ನೇಮಕವಾದ ಆ ಸಮಿತಿಯಲ್ಲಿ ಏಳು ಮಂದಿ ಇದ್ದರು. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನು ಕೆಲವರು ದೆಹಲಿಯಿಂದ ದೂರ ಉಳಿದರು. ಭಾರವೆಲ್ಲ ಒಬ್ಬರ ಮೇಲೆ ಬಿತ್ತೆಂದು ಸಮಿತಿಯವರೇ ಆದ ಟಿ.ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲಿ ಹೇಳಿದರು. ಆ ಒಬ್ಬರ ದೇಹ ಅಷ್ಟರಲ್ಲಿ ಸೋತಿತ್ತು. ಮಧುಮೇಹ, ರಕ್ತದೊತ್ತಡ, ಕಾಲುಗಳ ನರನೋವು. ಮೊದಲೆಲ್ಲ ಓದಿಗಾಗಿ ನಿದ್ದೆ ಬಿಟ್ಟವರಿಗೆ ಈಗ ಮಲಗಿದರೂ ನೋವಿನಿಂದ ನಿದ್ದೆ ಬರುತ್ತಿರಲಿಲ್ಲ. 1948ರ ಫೆಬ್ರುವರಿಯಲ್ಲಿ ಕರಡು ಒಪ್ಪಿಸಿದರು. ಏಪ್ರಿಲ್‌ನಲ್ಲಿ, ಮುಂಬೈಯಲ್ಲಿ ಚಿಕಿತ್ಸೆ ಪಡೆಯುವಾಗ ಪರಿಚಯವಾದ ವೈದ್ಯೆ ಡಾ. ಶಾರದಾ ಕಬೀರ್ ಅವರನ್ನು ಮದುವೆಯಾದರು. ರಮಾಬಾಯಿ 1935ರಲ್ಲೇ ತೀರಿಕೊಂಡಿದ್ದರು.

ಲಂಡನ್ನಿನ ರಾತ್ರಿಗಳಿಂದಲೇ ಅವರಿಗೆ ಸಕ್ಕರೆ ಕಾಯಿಲೆ ಬಂತು ಎಂದು ನಾನು ಹೇಳಲಾರೆ. ಒಬ್ಬರ ಕಾಯಿಲೆಗೆ ಒಂದೇ ಕಾರಣ ಹುಡುಕುವುದು ತಪ್ಪು. ಆದರೆ ಅವರ ಕಾಲದಲ್ಲಿ ಯಾರೂ ಅಳೆಯದಿದ್ದ ಕೆಲವನ್ನು ಈಗ ಅಳೆದಿದ್ದಾರೆ. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ 4 ತಾಸು ಮಾತ್ರ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಬಗೆ ಮಧುಮೇಹದ ಆರಂಭದಲ್ಲಿರುವವರಂತೆ ಆಯಿತು. ಆ ಹುಡುಗರ ವಯಸ್ಸು ಹೆಚ್ಚುಕಡಿಮೆ ನಮ್ಮದೇ. ನಮ್ಮ ಪರೀಕ್ಷೆಯ ವಾರವೂ ಆರು ರಾತ್ರಿಯದೇ.

ನಿದ್ದೆ ಎಂದರೆ ದೇಹ ಸುಮ್ಮನೆ ಬಿದ್ದಿರುವ ಹೊತ್ತಲ್ಲ. ಮಿದುಳಿನೊಳಗೆ ಒಂದು ಗಡಿಯಾರವಿದೆ, ಅದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹಾರ್ಮೋನುಗಳ, ಜೀರ್ಣದ, ರಕ್ತದೊತ್ತಡದ ಸಮಯ ಗೊತ್ತು ಮಾಡುತ್ತದೆ. ಇದರ ಒಳಯಂತ್ರ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ಪಾಳಿಯವರ ದೇಹ ಒಂದು ಹೊತ್ತು ಹೇಳಿದರೆ, ಕಾರ್ಖಾನೆಯ ದೀಪ ಇನ್ನೊಂದು ಹೊತ್ತು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ 55 ತಾಸು ಅಥವಾ ಹೆಚ್ಚು ದುಡಿಯುವವರಿಗೆ 35-40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. 55 ಎಂಬ ಈ ಗೆರೆಯನ್ನು 1934ರ 54ರ ಪಕ್ಕ ಇಟ್ಟು ನೋಡಿದೆ. 1946ರಲ್ಲಿ ಕಾರ್ಮಿಕರನ್ನು ಆ ಗೆರೆಯಿಂದ ಹಿಂದಕ್ಕೆ ಎಳೆದುಕೊಂಡವರ ಬಳಿ ಇಂಥ ಯಾವ ಅಂಕಿಯೂ ಇರಲಿಲ್ಲ. ಪರೇಲಿನ ಚಾಳು ಇತ್ತು.

ಇನ್ನೊಂದು ಅಳತೆ ನಮ್ಮ ಕಡೆಯ ರಸ್ತೆಗಳಿಗೆ ಬೇಕಾದದ್ದು. 17 ತಾಸು ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದವರಷ್ಟಕ್ಕೆ ಇಳಿದಿರುತ್ತದೆ. ನಮ್ಮ ಮೋಟಾರು ಕಾಯ್ದೆ 30 ದಾಟಿದರೆ ಹಿಡಿಯುತ್ತದೆ. ಹಂಗಾಮಿನಲ್ಲಿ ಮುಂಡರಗಿ ಕಡೆ ರಾತ್ರಿಯೆಲ್ಲ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರ ಬಾಯಿಗೆ ಊದುವ ಯಂತ್ರ ಹಿಡಿದರೆ ಏನೂ ತೋರಿಸುವುದಿಲ್ಲ. ನಿದ್ದೆಗೆ ವಾಸನೆ ಇಲ್ಲ.

ಸಂವಿಧಾನದ 42ನೇ ವಿಧಿ ಕೆಲಸದ ಪರಿಸ್ಥಿತಿ ನ್ಯಾಯವಾಗಿ, ಮಾನವೀಯವಾಗಿ ಇರಬೇಕೆನ್ನುತ್ತದೆ. 43ನೇ ವಿಧಿ ಕಾರ್ಮಿಕರಿಗೆ ಜೀವನಕ್ಕೆ ಸಾಲುವ ಕೂಲಿಯ ಜೊತೆ ಬಿಡುವನ್ನು ಪೂರ್ತಿ ಅನುಭವಿಸುವ ಅವಕಾಶವೂ ಸಿಗುವಂತೆ ಸರ್ಕಾರ ಯತ್ನಿಸಬೇಕೆನ್ನುತ್ತದೆ. ಬಿಡುವೇ ಇಲ್ಲದೆ ಕುಳಿತು ಬರೆದ ಸಮಿತಿಯ ಅಧ್ಯಕ್ಷರು ಬಿಡುವು ಎಂಬ ಮಾತನ್ನು ಸಂವಿಧಾನದಲ್ಲಿ ಉಳಿಸಿಕೊಂಡರು. ಈ ವಿಧಿಗಳನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು, ಅವು ಸರ್ಕಾರಕ್ಕೆ ಕೊಟ್ಟ ನಿರ್ದೇಶನ ಮಾತ್ರ. ಸರ್ಕಾರಗಳು ಈಗ ಬೇರೆ ದಿಕ್ಕಿಗೂ ನೋಡುತ್ತಿವೆ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ವಾರದ 48 ತಾಸನ್ನು ಹಾಗೇ ಇಟ್ಟು, ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ತಾಸಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 144ಕ್ಕೆ ಏರಿಸಿತು. ಮರುವರ್ಷ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ತಾಸಿನ ಪ್ರಸ್ತಾವ ಸುದ್ದಿಯಾದಾಗ ನೌಕರರ ಸಂಘ ಪ್ರತಿಭಟಿಸಿತು. ಕ್ಯಾಂಪಸ್ ಸಂದರ್ಶನಕ್ಕೆ ಕಾಯುತ್ತಿರುವ ನಮ್ಮ ತರಗತಿಯಲ್ಲಿ ಆ ಬಗ್ಗೆ ಒಂದು ದಿನವೂ ಚರ್ಚೆಯಾಗಲಿಲ್ಲ. ಪ್ಯಾಕೇಜ್ ಎಷ್ಟು ಎಂದು ಕೇಳುತ್ತೇವೆ, ತಾಸು ಎಷ್ಟು ಎಂದು ಕೇಳುವುದಿಲ್ಲ.

ಕೇಳಿದರೂ ಕಾನೂನು ಎಲ್ಲರ ಮನೆಗೆ ಬರುವುದಿಲ್ಲ. 1948ರ ಕಾಯ್ದೆ ಕಾರ್ಖಾನೆ ಎಂದು ಕರೆದದ್ದು ವಿದ್ಯುತ್ ಬಳಸುವ ಕಡೆ 10 ಜನ, ಇಲ್ಲದ ಕಡೆ 20 ಜನ ಇದ್ದರೆ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಹಾಕಿಕೊಂಡು, ಗಂಡ ಹೆಂಡತಿ ಮಗ ಸೇರಿ ಸೀರೆ ಲೆಕ್ಕದ ಕೂಲಿಗೆ ನೇಯುವ ಕುಟುಂಬ ಈ ಲೆಕ್ಕದೊಳಗೆ ಬೀಳುವುದೇ ಇಲ್ಲ. ಬೆಟಗೇರಿಯಲ್ಲಿ ರಾತ್ರಿ ಹನ್ನೊಂದಕ್ಕೂ ಮಗ್ಗದ ಸದ್ದು ಕೇಳುತ್ತದೆ. ಹಗಲು ಕರೆಂಟ್ ಹೋದರೆ ರಾತ್ರಿ ಬಂದಾಗ ನೇಯಬೇಕು. ಅವರ ಪಾಳಿಯನ್ನು ಗೊತ್ತು ಮಾಡುವುದು ಕಾಯ್ದೆಯಲ್ಲ, ಲೈನು ಬರುವ ಹೊತ್ತು.

ಅಂಬೇಡ್ಕರ್ 1951ರ ಸೆಪ್ಟೆಂಬರ್‌ನಲ್ಲಿ ಮಂತ್ರಿಪದ ಬಿಟ್ಟರು. ಹಿಂದೂ ಸಂಹಿತೆ ಮಸೂದೆಯನ್ನು ಬೇಗ ಕೈಗೆತ್ತಿಕೊಳ್ಳಬೇಕೆಂದು ಅದಕ್ಕೆ ಮೊದಲು ಪ್ರಧಾನಿ ನೆಹರೂ ಅವರಿಗೆ ಬರೆದಾಗ, ತನ್ನ ಆರೋಗ್ಯ ಕೆಡುತ್ತಿರುವುದನ್ನೂ ಒಂದು ಕಾರಣವಾಗಿ ಹೇಳಿದ್ದರು. ಮಸೂದೆ ಮುಂದೆ ಹೋಗಲಿಲ್ಲ. ಆಮೇಲಿನ ಐದು ವರ್ಷ ಅವರು ಹೆಚ್ಚಾಗಿ ದೆಹಲಿಯ ಅಲಿಪುರ ರಸ್ತೆಯ 26ನೇ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ನಡೆಯಲು ಕೋಲು ಬೇಕಿತ್ತು, ಒಬ್ಬರ ಭುಜ ಬೇಕಿತ್ತು. ಆದರೂ ಬುದ್ಧನ ಕುರಿತ ಪುಸ್ತಕ ಬರೆಯುತ್ತಲೇ ಇದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧರ್ಮ ಸ್ವೀಕರಿಸಿದರು. ಮುಂದಿನ ತಿಂಗಳು ಕಠ್ಮಂಡುವಿನ ಬೌದ್ಧ ಸಮ್ಮೇಳನಕ್ಕೆ ಹೋಗಿ ಬಂದರು. ವೈದ್ಯರ ಲೆಕ್ಕದಲ್ಲಿ ಅದು ಪ್ರಯಾಣ ಮಾಡುವ ದೇಹವೇ ಆಗಿರಲಿಲ್ಲ.

ಡಿಸೆಂಬರ್ 5ರ ರಾತ್ರಿ ಸಹಾಯಕ ನಾನಕ್ ಚಂದ್ ರತ್ತು ಅವರ ಕಾಲು ಒತ್ತಿದರು, ತಲೆಗೆ ಎಣ್ಣೆ ಹಚ್ಚಿದರು. ಊಟ ಸೇರಲಿಲ್ಲ, ಸ್ವಲ್ಪ ತಿಂದರು. ಪುಸ್ತಕದ ಮುನ್ನುಡಿ ಮತ್ತು ಪ್ರಸ್ತಾವನೆಯ ಹಾಳೆಗಳನ್ನು ಹಾಸಿಗೆಯ ಬಳಿಯ ಮೇಜಿನ ಮೇಲೆ ತರಿಸಿ ಇಟ್ಟುಕೊಂಡರು, ರಾತ್ರಿ ನೋಡಿ ತಿದ್ದುವುದಕ್ಕೆ. ರತ್ತು ಮನೆಗೆ ಹೊರಟಾಗ ಹನ್ನೊಂದು ದಾಟಿತ್ತು. ಬೆಳಿಗ್ಗೆ ಎಬ್ಬಿಸಲು ಹೋದಾಗ ಅವರು ನಿದ್ದೆಯಲ್ಲೇ ತೀರಿಕೊಂಡಿದ್ದರು. ವಯಸ್ಸು 65. ದೇಹವನ್ನು ವಿಮಾನದಲ್ಲಿ ಮುಂಬೈಗೆ ತಂದರು, 7ರಂದು ದಾದರ್ ಕಡಲತೀರದಲ್ಲಿ ಅಂತ್ಯಸಂಸ್ಕಾರವಾಯಿತು. ಪುಸ್ತಕ ಮರುವರ್ಷ ಅಚ್ಚಾಗಿ ಹೊರಬಂತು.